ಚೋಮನ ದುಡಿಯಿಂದ ಊರುಕೇರಿಯವರೆಗೆ: ಕಥೆ ಮತ್ತು ನ್ಯಾಯ



ಕಲೆ ಮತ್ತು ಕಥನ ಸಾಮಾಜಿಕ ನ್ಯಾಯಕ್ಕೆ ಹೇಗೆ ನೆರವಾಗುತ್ತವೆ ಎಂಬುದು ಈ ದತ್ತಿ ಉಪನ್ಯಾಸಕ್ಕೆ ನನಗೆ ಕೊಟ್ಟ ವಿಷಯ. ಲೋಕದ ಎಲ್ಲ ಭಾಷೆಗಳನ್ನೂ ಸುತ್ತಿ ಬರುವಷ್ಟು ದೊಡ್ಡ ವಿಷಯ ಇದು. ನಾನು ಕನ್ನಡವನ್ನು ಬಿಟ್ಟು ಆಚೆ ಹೋಗುವುದಿಲ್ಲ. ಸಾಹಿತ್ಯದ ಬಗ್ಗೆ ಆಡಿದ ಒಂದು ಮಾತಿಗೆ ಮಂತ್ರಿಯೊಬ್ಬರು ಅಧಿಕಾರ ಕಳೆದುಕೊಂಡದ್ದು, ಆ ಗಲಾಟೆಯ ಕಾವಿನಲ್ಲೇ ಒಂದು ಜನಚಳವಳಿ ಎದ್ದು ನಿಂತದ್ದು ನಮ್ಮ ನಾಡಿನಲ್ಲೇ ನಡೆದಿದೆ. ಅದನ್ನು ಸರಿಯಾಗಿ ನೋಡಿದರೆ ಈ ವಿಷಯದ ಬಹುಪಾಲು ನಮಗೆ ಸಿಕ್ಕುತ್ತದೆ.

ಅದಕ್ಕೂ ಮುಂಚೆ ಕನಕದಾಸರ ಒಂದು ಕೃತಿಯನ್ನು ನೆನೆಯಬೇಕು. ‘ರಾಮಧಾನ್ಯಚರಿತೆ’ಯ ಕಥೆ ನಿಮಗೆಲ್ಲ ಗೊತ್ತಿರುವುದೇ. ಧಾನ್ಯಗಳಲ್ಲಿ ಯಾವುದು ಹೆಚ್ಚು ಎಂಬ ಮಾತು ಬಂದಾಗ ಭತ್ತಕ್ಕೂ ರಾಗಿಗೂ, ಕಾವ್ಯದ ಹೆಸರಿನಲ್ಲಿ ಹೇಳುವುದಾದರೆ ನರೆದಲೆಗನಿಗೂ, ಜಗಳ ಹತ್ತುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ಭತ್ತ ಸೊರಗಿರುತ್ತದೆ, ನರೆದಲೆಗ ಗಟ್ಟಿಯಾಗಿ ಉಳಿದಿರುತ್ತದೆ. ಮೇಲುಕೀಳಿನ ಪ್ರಶ್ನೆಯನ್ನು ಕಾಳಿನ ಮೇಲೆ ಹೊರಿಸಿ ಹೇಳಿದ ಜಾಣತನವನ್ನು ವಿಮರ್ಶಕರು ಮೆಚ್ಚಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ಆ ಸಭೆಯಲ್ಲಿ ನರೆದಲೆಗ ತನ್ನ ವಾದವನ್ನು ತಾನೇ ಮಾಡುತ್ತದೆ. ಉಳ್ಳವರ ಮನೆ ಸೇರುವ ನೀನು ಬಡವರ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಭತ್ತದ ಮುಖಕ್ಕೇ ಹೇಳುತ್ತದೆ. ಅದಕ್ಕಾಗಿ ಕಣ್ಣೀರು ಹಾಕುವ ಮೂರನೆಯವರು ಯಾರೂ ಅಲ್ಲಿಲ್ಲ. ಸ್ವತಃ ಕೀಳೆನಿಸಿಕೊಂಡ ಕುಲದಿಂದ ಬಂದ ಕವಿಗೆ ಹೊಳೆದ ಕ್ರಮ ಇದು. ಇಪ್ಪತ್ತನೆಯ ಶತಮಾನದ ನಮ್ಮ ಸಾಹಿತ್ಯ ಈ ಕ್ರಮಕ್ಕೆ ಬರಲು ಬಹಳ ಕಾಲ ತೆಗೆದುಕೊಂಡಿತು. ಬಂದ ದಾರಿಯನ್ನೇ ಇವತ್ತು ನಿಮ್ಮ ಮುಂದಿಡುತ್ತೇನೆ.

ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಚೋಮನಿಗೆ ಎರಡು ಎತ್ತುಗಳಿವೆ, ಉಳುವ ಆಸೆಯಿದೆ, ನೆಲವಿಲ್ಲ. ಸಾಲ ಅವನ ಮಕ್ಕಳನ್ನು ಕಾಫಿ ತೋಟಕ್ಕೆ ಎಳೆದೊಯ್ಯುತ್ತದೆ. ಮಗನೊಬ್ಬ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದಾರೆ. ಮುಟ್ಟಿದರೆ ಮೈಲಿಗೆ ಎಂಬ ಕಾರಣಕ್ಕೆ ಹುಡುಗ ಸಾಯುತ್ತಾನೆ. ಸಿಟ್ಟು, ದುಃಖ, ಹಟ, ಏನು ಬಂದರೂ ಚೋಮ ದುಡಿ ಬಡಿಯುತ್ತಾನೆ. ಕೊನೆಗೆ ಬಡಿಯುತ್ತಲೇ ಸಾಯುತ್ತಾನೆ. ಕಾರಂತರು ತಮ್ಮ ಹರೆಯದಲ್ಲಿ ಕರಾವಳಿಯ ಕೊರಗರ, ಹೊಲೆಯರ ಬದುಕನ್ನು ಹತ್ತಿರದಿಂದ ಕಂಡು ಬರೆದ ಪುಸ್ತಕ ಇದು. ದಲಿತರಲ್ಲದವರು ದಲಿತರ ಬದುಕನ್ನು ಬರೆಯಲೇಬಾರದು ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪುವವನಲ್ಲ. 1933ರಲ್ಲಿ ಓದು ಬಲ್ಲ ಕನ್ನಡಿಗನ ಮನೆಯೊಳಗೆ ಚೋಮ ಬಂದು ಕೂತದ್ದು ಆ ಪುಸ್ತಕದಿಂದ.

ಆದರೆ ಆ ಕಾದಂಬರಿಯಲ್ಲಿ ಚೋಮನ ಬೇಡಿಕೆ ಎಷ್ಟು ನಿಖರವಾಗಿದೆ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ ಎಂದು ನನಗನ್ನಿಸುತ್ತದೆ. ಗೇಣಿ ಕಡಿಮೆ ಮಾಡಿ ಎಂದು ಚೋಮ ಕೇಳಲಿಲ್ಲ, ಏಕೆಂದರೆ ಅವನು ಗೇಣಿದಾರನೇ ಅಲ್ಲ. ಬೇಸಾಯಗಾರನಾಗುವ ಹಕ್ಕೇ ಅವನ ಜಾತಿಗಿಲ್ಲ ಎಂದು ಊರು ತೀರ್ಮಾನಿಸಿತ್ತು. ನಲವತ್ತೊಂದು ವರ್ಷಗಳ ನಂತರ, ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂದು ನಾಡೆಲ್ಲ ಹೇಳಿತು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಅದು ತಂದ ಬದಲಾವಣೆ ದೊಡ್ಡದು. ಗೇಣಿದಾರರು ಭೂಮಿಯ ಒಡೆಯರಾದರು. ಆದರೆ ಭೂನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಬೇಕಾದರೆ ನೀನು ಗೇಣಿದಾರ ಎಂದು ತೋರಿಸಬೇಕಿತ್ತು. ಚೋಮನಂಥವರು ಏನನ್ನು ತೋರಿಸುತ್ತಾರೆ? ಕೂಲಿಯವರು, ಜೀತದವರು, ಊರ ಹೊರಗಿನ ಕೇರಿಯವರು ಬಹುಮಟ್ಟಿಗೆ ಆ ಕಾನೂನಿನ ಬಾಗಿಲ ಹೊರಗೇ ಉಳಿದರು. ಕಥೆ ಎತ್ತಿ ತೋರಿಸಿದ ಅನ್ಯಾಯ ಒಂದು, ಕಾನೂನು ಸರಿಪಡಿಸಿದ ಅನ್ಯಾಯ ಇನ್ನೊಂದು. ಮರುವರ್ಷ, 1975ರಲ್ಲಿ, ಬಿ.ವಿ. ಕಾರಂತರು ‘ಚೋಮನ ದುಡಿ’ಯನ್ನು ಸಿನಿಮಾ ಮಾಡಿದರು. ಅದಕ್ಕೆ ಸ್ವರ್ಣಕಮಲ ಬಂತು, ಚೋಮನಾಗಿ ನಟಿಸಿದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ನೋಡಿದವರೆಲ್ಲ ಮರುಗಿದರು. ಚೋಮನ ಮೊಮ್ಮಕ್ಕಳ ಪಾಲಿಗೆ ನೆಲ ಬರಲಿಲ್ಲ.

ಮರುಕ ಹುಟ್ಟಿಸುವುದು ಕಲೆಯ ಸಣ್ಣ ಸಾಧನೆಯಲ್ಲ. ಆದರೆ ಮರುಗುವವನು ತನಗೆ ಬೇಕಾದಾಗ ಮರುಕವನ್ನು ನಿಲ್ಲಿಸಬಲ್ಲ. ಪುಸ್ತಕ ಮುಚ್ಚಿದರೆ, ಥಿಯೇಟರಿನ ದೀಪ ಹತ್ತಿದರೆ ಮುಗಿಯಿತು. ನ್ಯಾಯ ಹಾಗೆ ಒಬ್ಬರ ಮನಸ್ಸಿನ ಮರ್ಜಿಯ ಮೇಲೆ ನಿಲ್ಲುವಂಥದ್ದಲ್ಲ.

ಈಗ 1973ಕ್ಕೆ ಬರುತ್ತೇನೆ. ಬಿ. ಬಸವಲಿಂಗಪ್ಪನವರು ಅರಸರ ಸಂಪುಟದಲ್ಲಿ ಸಚಿವರಾಗಿದ್ದರು. ಪೌರಾಡಳಿತದ ಹೊಣೆ ಹೊತ್ತಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದವರು ಅವರು. ಕೇಂದ್ರದಲ್ಲಿ ಇಂಥದೊಂದು ಕಾಯ್ದೆ ಆದದ್ದು 1993ರಲ್ಲಿ. ಎಷ್ಟು ಮುಂಚೆ ಅವರು ಈ ಕೆಲಸ ಮಾಡಿದರು ಎಂಬುದನ್ನು ಎಣಿಸಿ ನೋಡಿ. 1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಅವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ದಲಿತ ವಿದ್ಯಾರ್ಥಿಗಳು ಇಂಗ್ಲಿಷ್ ಕಲಿಯಲಿ ಎಂದರು. ರಾಜ್ಯ ಹೊತ್ತಿಕೊಂಡಿತು. ಮೆರವಣಿಗೆ, ಪ್ರತಿಕೃತಿ ದಹನ, ಕಾಲೇಜುಗಳಲ್ಲಿ, ಹಾಸ್ಟೆಲುಗಳಲ್ಲಿ ದಲಿತ ಹುಡುಗರ ಮೇಲೆ ಹಲ್ಲೆ. ಕೊನೆಗೆ ಬಸವಲಿಂಗಪ್ಪನವರು ಸಚಿವ ಸ್ಥಾನ ಬಿಟ್ಟರು.

ಆ ಮಾತು ಕನ್ನಡಕ್ಕೆ ಮಾಡಿದ ಅವಮಾನ ಎಂದೇ ಇಂದಿಗೂ ಕೆಲವರು ಹೇಳುತ್ತಾರೆ. ವಚನಗಳ ಭಾಷೆಯನ್ನು, ಕನಕನ ಭಾಷೆಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನನಗೂ ಸರಿಯೆನಿಸುವುದಿಲ್ಲ. ಆದರೆ ಬಸವಲಿಂಗಪ್ಪನವರ ಜಾಗದಲ್ಲಿ ನಿಂತು ಆ ಮಾತನ್ನು ಕೇಳಿಸಿಕೊಳ್ಳಿ. ಸಾವಿರ ವರ್ಷಗಳ ಸಾಹಿತ್ಯ ನಮ್ಮದೆಂದು ಹೆಮ್ಮೆಪಡುತ್ತೇವಲ್ಲ, ಅದರಲ್ಲಿ ತಲೆಯ ಮೇಲೆ ಮಲ ಹೊತ್ತವಳ ಒಂದು ದಿನದ ಬದುಕು ಎಲ್ಲಿದೆ? ಅವಳ ಬಾಯಿಂದಲೇ ಬಂದ ಒಂದು ಪುಟ ಎಲ್ಲಿದೆ? ಅವರ ಸಿಟ್ಟಿನೊಳಗೆ ನನಗೆ ಕೇಳಿಸುವ ಪ್ರಶ್ನೆ ಇದು. 1973ರ ಸಾಹಿತ್ಯಲೋಕ ಅದಕ್ಕೆ ಕೊಟ್ಟ ಉತ್ತರ ಸಾಲದು.

ಉತ್ತರ ಬಂದದ್ದು ಹಾಸ್ಟೆಲುಗಳಿಂದ. ಏಟು ತಿಂದ ಹುಡುಗರು, ಅವರ ಜೊತೆ ನಿಂತ ಕೆಲವು ಮೇಷ್ಟ್ರುಗಳು ಒಟ್ಟು ಸೇರಿದರು. ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪನವರು ಮುಂದಾಳಾದರು. ದಲಿತ ಲೇಖಕರ, ಕಲಾವಿದರ ಕೂಟ, ‘ಪಂಚಮ’ ಪತ್ರಿಕೆ, ದಲಿತ ಸಂಘರ್ಷ ಸಮಿತಿ, ಇವೆಲ್ಲ ಎಪ್ಪತ್ತರ ದಶಕದ ಆ ಕೆಲವೇ ವರ್ಷಗಳಲ್ಲಿ ಕಣ್ಣುಬಿಟ್ಟವು. ಬರೆಯುವವರೂ ಧರಣಿ ಕೂರುವವರೂ ಒಂದೇ ಜನ. ಹಗಲು ತಾಲ್ಲೂಕು ಕಚೇರಿಯ ಮುಂದೆ, ರಾತ್ರಿ ಕೇರಿಯ ಗುಡಿಯ ಕಟ್ಟೆಯ ಮೇಲೆ. ಕನ್ನಡದ ದಲಿತ ಸಾಹಿತ್ಯವನ್ನು ಚಳವಳಿಯಿಂದ ಬಿಡಿಸಿ ಓದಲು ಆಗದಿರುವುದು ಇದರಿಂದಲೇ.

1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಜಾತಿಯ ಹೆಸರನ್ನು, ಬೈಗುಳಕ್ಕೆಂದೇ ಜನ ಬಳಸುತ್ತಿದ್ದ ಹೆಸರನ್ನು, ಇಪ್ಪತ್ತೊಂದು ವರ್ಷದ ಹುಡುಗ ಪುಸ್ತಕದ ಮುಖಪುಟದ ಮೇಲೆ ಹಾಕಿದ. ಆ ಪದ್ಯಗಳನ್ನು ಎಷ್ಟು ಮಂದಿ ಓದಿದರು ಎನ್ನುವುದಕ್ಕಿಂತ ಎಷ್ಟು ಮಂದಿ ಹಾಡಿದರು ಎಂದು ಕೇಳಬೇಕು. ಅಕ್ಷರ ಬಾರದ ಕೂಲಿ ಹೆಂಗಸರು ಜಾಥಾಗಳಲ್ಲಿ ಅವನ್ನು ಹಾಡಿದರು. ಬರೆದವರು ಯಾರೆಂದು ಗೊತ್ತಿಲ್ಲದೆಯೂ ಹಾಡಿದರು. ಸಭೆಯಲ್ಲಿ ಮೊದಲು ಹಾಡು, ಆಮೇಲೆ ಭಾಷಣ. ಭಾಷಣ ಕೇಳಲು ಹೆದರುವವರೂ ಹಾಡಿಗೆ ಬಂದು ನಿಲ್ಲುತ್ತಾರೆ. ಗೌಡರ ಮನೆಯ ಮುಂದೆ ತಲೆಯೆತ್ತದವನು ಇಪ್ಪತ್ತು ಜನರ ಜೊತೆ ದನಿ ಸೇರಿಸಿದಾಗ ಅವನಿಗೆ ತನ್ನ ದನಿಯ ಗಾತ್ರ ತಿಳಿಯುತ್ತದೆ. ಸಂಘಟನೆ ಕಟ್ಟಿದ ಯಾರನ್ನಾದರೂ ಕೇಳಿ, ಈ ಮಾತನ್ನು ಒಪ್ಪುತ್ತಾರೆ.

ಹಾಡಿನ ಜೊತೆ ತಮಟೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಕಲೆ ತಾನಾಗಿಯೇ ಬಿಡುಗಡೆಯ ಪರ ಇರುತ್ತದೆ ಎಂದು ಸುಲಭವಾಗಿ ಹೇಳುವವರಿಗೆ ತಮಟೆಯೇ ಉತ್ತರ. ಊರಲ್ಲಿ ಹೆಣ ಬಿದ್ದರೆ ಹೋಗಿ ಬಡಿಯಬೇಕು, ಹಬ್ಬವಾದರೆ ಬಡಿಯಬೇಕು, ಟಾಂಟಾಂ ಹೊಡೆಯಲು ಹೇಳಿದರೆ ಹೊಡೆಯಬೇಕು. ಬರುವುದಿಲ್ಲ ಎಂದರೆ ಬಹಿಷ್ಕಾರ. ಆ ಬಡಿತದಲ್ಲಿ ಅದ್ಭುತವಾದ ಲಯಗಳಿದ್ದವು, ತಲೆಮಾರುಗಳ ಪಳಗಿಕೆಯಿತ್ತು. ಹಾಗಿದ್ದೂ ಅದು ಬಿಟ್ಟಿ ಚಾಕರಿಯೇ ಆಗಿತ್ತು. ದಲಿತ ಚಳವಳಿ ಹಳ್ಳಿಹಳ್ಳಿಗಳಲ್ಲಿ ಹೇಳಿತು: ಊರಿನ ಹೆಣಕ್ಕೆ ಇನ್ನು ತಮಟೆ ಬಡಿಯಬೇಡಿ. ಎಷ್ಟೋ ಕಡೆ ತಮಟೆಯನ್ನು ಅಟ್ಟಕ್ಕೆ ಹಾಕಿದರು, ಅದಕ್ಕಾಗಿ ಹೊಡೆತ ತಿಂದರು, ಕೂಲಿ ಕಳೆದುಕೊಂಡರು. ಅದೇ ಚಳವಳಿಯ ಮೆರವಣಿಗೆಯಲ್ಲಿ ಮುಂದೆ ನಿಂತು ಮೊಳಗಿದ್ದೂ ತಮಟೆಯೇ. ಇದರಲ್ಲಿ ವಿರೋಧವಿಲ್ಲ. ಚರ್ಮ ಅದೇ, ಕೋಲು ಅದೇ, ಗತ್ತೂ ಅದೇ. ಯಾವಾಗ ಬಡಿಯಬೇಕು, ಯಾರಿಗಾಗಿ ಬಡಿಯಬೇಕು, ಯಾವಾಗ ಬಡಿಯುವುದಿಲ್ಲ ಎಂದು ತೀರ್ಮಾನಿಸುವ ಅಧಿಕಾರ ಕೈ ಬದಲಾಯಿಸಿತು. ಚೋಮ ತನ್ನ ಗುಡಿಸಲೊಳಗೆ ಕೂತು ತನಗಾಗಿ ಮಾತ್ರ ಬಡಿದುಕೊಂಡ. ಇವರು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಬಡಿದರು. 2023ರಲ್ಲಿ ಚಿಕ್ಕಬಳ್ಳಾಪುರದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ಗೌರವಕ್ಕೆ ಅವರ ಕೈಯ ಪ್ರತಿಭೆ ಎಷ್ಟು ಕಾರಣವೋ, ಬಡಿಯುವುದಿಲ್ಲ ಎಂದು ಹೇಳಿ ಏಟು ತಿಂದ ಹೆಸರಿಲ್ಲದವರ ಹಟವೂ ಅಷ್ಟೇ ಕಾರಣ ಎಂದು ನಾನು ನಂಬಿದ್ದೇನೆ.

ಹಾಡು ಮತ್ತು ಧರಣಿ ಒಟ್ಟಾಗಿ ಹೋದದ್ದರಿಂದ ಕಾನೂನಿಗೂ ಬಲ ಬಂತು. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಸಾಲಕ್ಕೋ ಸಾರಾಯಿಗೋ ಉಳ್ಳವರ ಕೈ ಸೇರುತ್ತಿದ್ದ ಕಾಲ. ಅದನ್ನು ತಡೆಯಲು ಪರಭಾರೆ ನಿಷೇಧದ ಪಿಟಿಸಿಎಲ್ ಕಾಯ್ದೆ 1978ರಲ್ಲಿ ಆಯಿತು. ಕಾಯ್ದೆ ಆದ ಮಾತ್ರಕ್ಕೆ ಜಮೀನು ವಾಪಸು ಬರಲಿಲ್ಲ. ಆ ಜಮೀನು ತಮ್ಮದೆಂದು ಹೇಳಲು ಜನರಿಗೆ ಧೈರ್ಯ ಬೇಕಿತ್ತು, ಕಚೇರಿಯ ಮೆಟ್ಟಿಲು ಹತ್ತುವಾಗ ಹಿಂದೆ ನಿಲ್ಲುವವರು ಬೇಕಿತ್ತು. ಎರಡನ್ನೂ ಸಂಘಟನೆ ಕೊಟ್ಟಿತು, ಸಂಘಟನೆಗೆ ಜನರನ್ನು ಕರೆತಂದದ್ದು ಬಹುಪಾಲು ಹಾಡು. ಬೀದಿನಾಟಕವೂ ಆಗ ಇದೇ ಕೆಲಸ ಮಾಡಿತು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಕೊಂದು ಬೆಂಕಿಗೆ ಹಾಕಿದ ಘಟನೆಯನ್ನು ‘ಸಮುದಾಯ’ ತಂಡ ‘ಬೆಲ್ಚಿ’ ಎಂಬ ನಾಟಕವಾಗಿ ಕರ್ನಾಟಕದ ಬೀದಿಗಳಿಗೆ ತಂದಿತು.

ಸಾಹಿತ್ಯ ಪರಿಷತ್ತಿನ ಅಂಗಳದಲ್ಲಿ ಮಾತ್ರ ಇನ್ನೂ ಹಳೆಯ ಗಾಳಿಯೇ ಬೀಸುತ್ತಿತ್ತು. 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಇಡಿ ಎಂಬ ಬೇಡಿಕೆಗೆ ಮನ್ನಣೆ ಸಿಗಲಿಲ್ಲ. ಅದರ ಫಲವಾಗಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು, ಬರಗೂರು ರಾಮಚಂದ್ರಪ್ಪನವರು ಸಂಚಾಲಕರಾದರು. ಗೋಷ್ಠಿಯೊಂದನ್ನು ಕೊಡದೆ ಉಳಿಸಿಕೊಂಡವರು ಒಂದು ತಲೆಮಾರಿನ ಲೇಖಕರನ್ನು ಹೊರಗೆ ಕಳಿಸಿದರು. ಮೂವತ್ತಾರು ವರ್ಷಗಳ ನಂತರ, 2015ರ ಶ್ರವಣಬೆಳಗೊಳ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಸಿದ್ಧಲಿಂಗಯ್ಯನವರು ಕೂತರು.

ಇನ್ನು ಕಥನದ ಒಳಗೇ ಆದ ಬದಲಾವಣೆ. ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯ ಆರಂಭದಲ್ಲಿ ಒಂದು ನೋಟವಿದೆ. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ, ಹಿಂದೆ ನೇಗಿಲು ಹಿಡಿದ ಮೂರನೆಯವನು. ನೋಡುತ್ತಿರುವ ಹುಡುಗನಿಗೆ ಮೊದಲು ಅದು ಮೋಜು. ಆಮೇಲೆ ತಿಳಿಯುತ್ತದೆ, ನೊಗ ಹೊತ್ತ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ. ಇದನ್ನು ‘ಚೋಮನ ದುಡಿ’ಯ ಪಕ್ಕದಲ್ಲಿಟ್ಟು ಓದಿ ನೋಡಿ. ಚೋಮನಿಗೆ ಎತ್ತಿತ್ತು, ಹೊಲವಿರಲಿಲ್ಲ. ಇಲ್ಲಿ ಮನುಷ್ಯನೇ ಎತ್ತಿನ ಜಾಗದಲ್ಲಿದ್ದಾನೆ. ದೂರದಿಂದ ಕಂಡು ಮರುಗುವ ಲೇಖಕ ಈ ನೋಟವನ್ನು ಬರೆದಿದ್ದರೆ ಮೊದಲ ವಾಕ್ಯದಿಂದಲೇ ಕಣ್ಣೀರು ಬರಿಸುತ್ತಿದ್ದ. ಸಿದ್ಧಲಿಂಗಯ್ಯ ಹಾಗೆ ಮಾಡುವುದಿಲ್ಲ. ಹುಡುಗನ ಮೋಜನ್ನು ಮುಚ್ಚಿಡುವುದಿಲ್ಲ. ಆ ಪುಸ್ತಕದ ತುಂಬ ನಗು ಇದೆ. ದೆವ್ವಗಳಿವೆ, ಹಾಸ್ಟೆಲಿನ ತುಂಟತನವಿದೆ, ಹಸಿವಿನ ನಡುವೆಯೂ ಗೆಳೆತನದ ಸುಖವಿದೆ. ‘ಹೊಲೆಮಾದಿಗರ ಹಾಡು’ ಬರೆದ ಕವಿಯ ಸಿಟ್ಟು ಎಲ್ಲಿ ಹೋಯಿತು ಎಂದು ಕೆಲವರು ಕೇಳಿದ್ದುಂಟು. ಸಿಟ್ಟು ಎಲ್ಲಿಗೂ ಹೋಗಿಲ್ಲ. ತನ್ನ ಜನರನ್ನು ಬರೀ ನೊಂದವರೆಂದು ತೋರಿಸಲು ಆ ಲೇಖಕ ಒಪ್ಪಲಿಲ್ಲ, ಅಷ್ಟೇ. ನೋವಿನಷ್ಟೇ ನಗುವೂ ಅವರದು.

ದೇವನೂರ ಮಹಾದೇವರ ‘ಒಡಲಾಳ’ದಲ್ಲಿಯೂ ಇದನ್ನೇ ಕಾಣುತ್ತೀರಿ. ಸಾಕವ್ವನ ಹುಂಜ ಕಳೆದುಹೋಗಿದೆ. ಮುದುಕಿ ಅದಕ್ಕಾಗಿ ಊರೆಲ್ಲ ಹುಡುಕುತ್ತಾಳೆ. ರಾತ್ರಿ ಕದ್ದು ತಂದ ಕಡಲೆಕಾಯಿ ಮೂಟೆಯ ಸುತ್ತ ಇಡೀ ಮನೆ ಕೂತು ತಿಂದು ಮುಗಿಸುತ್ತದೆ. ಬೆಳಗಾದರೆ ಪೊಲೀಸರು. ಹಸಿವಿನ ಬಗ್ಗೆ ಕನ್ನಡದಲ್ಲಿ ಬಹಳ ಬರೆದಿದ್ದಾರೆ. ಆದರೆ ಹಸಿದವರ ಮನೆಯಲ್ಲಿ ಒಂದು ರಾತ್ರಿ ಹಬ್ಬವಾಗುವುದನ್ನು, ಆ ಹಬ್ಬದ ಖುಷಿಯನ್ನು, ಹೀಗೆ ಬರೆದವರು ಬೇರೆ ಯಾರೂ ನನಗೆ ನೆನಪಾಗುವುದಿಲ್ಲ. ಕಳ್ಳತನ ಎಂದು ಕಾನೂನು ಕರೆಯುವುದನ್ನು ಓದುಗ ಆ ಮನೆಯೊಳಗಿಂದ ನೋಡುತ್ತಾನೆ. ತೀರ್ಪು ಕೊಡುವ ಕುರ್ಚಿಯಲ್ಲಿ ಕೂತಿದ್ದವನು ಗೊತ್ತಾಗದಂತೆ ಒಲೆಯ ಪಕ್ಕ ಬಂದು ಕೂತಿರುತ್ತಾನೆ. ನಂಜನಗೂಡು ಸೀಮೆಯ ಕೇರಿಯ ಮಾತಿನಲ್ಲೇ ಅದೆಲ್ಲ ನಡೆಯುತ್ತದೆ. ಆ ಮಾತನ್ನು ಗ್ರಂಥಭಾಷೆಗೆ ತಿದ್ದಿದ್ದರೆ ಸಾಕವ್ವ ಸತ್ತೇ ಹೋಗುತ್ತಿದ್ದಳು. ಸಿ.ಜಿ. ಕೃಷ್ಣಸ್ವಾಮಿಯವರು ಅದನ್ನು ರಂಗಕ್ಕೆ ತಂದಾಗ ಉಮಾಶ್ರೀ ಸಾಕವ್ವನಾದರು. ನಗರದ ಪ್ರೇಕ್ಷಕರು ತಾವು ಎಂದೂ ಕಾಲಿಡದ ಕೇರಿಯ ಮುದುಕಿಯ ಮಾತಿಗೆ ಕಿವಿಗೊಟ್ಟು ಕೂತರು. 1994ರಲ್ಲಿ ಬಂದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಉತ್ತರ ಕರ್ನಾಟಕದ ಅನುಭವವನ್ನು ಇದೇ ಸಾಲಿಗೆ ಸೇರಿಸಿತು.

ನೊಂದವರು ತಾವೇ ಹೇಳಬೇಕು ಎನ್ನುವಾಗ ನಾನು ಜಾತಿಯನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿಲ್ಲ. ಹಾಸನದ ಬಾನು ಮುಷ್ತಾಕ್ ಬಂಡಾಯದ ಒಡನಾಟದಲ್ಲಿ ಬೆಳೆದವರು, ವೃತ್ತಿಯಿಂದ ವಕೀಲರು. ಅವರ ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಬಿಟ್ಟ ಹೆಂಗಸು ಕಾಯಿಲೆಯ ಕೂಸನ್ನು ಎತ್ತಿಕೊಂಡು ನ್ಯಾಯ ಕೇಳಲು ಮಸೀದಿಗೆ ಬಂದು ಕೂರುತ್ತಾಳೆ. ಮುತವಲ್ಲಿ ಕಿವಿಗೊಡುವುದಿಲ್ಲ, ಕೂಸು ಸಾಯುತ್ತದೆ. ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಚಿತ್ರಕ್ಕೆ ಆಧಾರ ಇದೇ ಕಥೆ. ಹೊರಗಿನವರ ಅನ್ಯಾಯ ಹೇಳುವುದಕ್ಕಿಂತ ತನ್ನವರ ಅನ್ಯಾಯ ಹೇಳುವುದು ಕಷ್ಟ. ಮನೆಯ ಮಾತನ್ನು ಬೀದಿಗೆ ಹಾಕಿದೆ ಎಂದು ತನ್ನವರೇ ಮುನಿಯುತ್ತಾರೆ. ಬೀದಿಯವರು ಅದೇ ಮಾತನ್ನು ಎತ್ತಿಕೊಂಡು ಇಡೀ ಸಮುದಾಯವನ್ನು ಹಳಿಯಲು ಬರುತ್ತಾರೆ. ಹೆಂಗಸರು ಮಸೀದಿಗೆ ಹೋಗುವ ಹಕ್ಕಿನ ಪರ ಮಾತಾಡಿದ್ದಕ್ಕೆ ಬಾನು ಅವರು ಬಹಿಷ್ಕಾರವನ್ನೂ ಎದುರಿಸಿದರು. ಆದರೂ ಬರೆದರು. ಅವರ ಕಥೆಗಳಲ್ಲಿ ಹನ್ನೆರಡು ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ನಾವೆಲ್ಲ ಪಟಾಕಿ ಹೊಡೆದೆವು, ಹೊಡೆಯಬೇಕಾದದ್ದೇ. ಆ ಕಥೆಗಳು ಕೇಳಿದ ನ್ಯಾಯ ಇನ್ನೂ ಎಷ್ಟೋ ಮನೆಗಳಲ್ಲಿ ಬಾಕಿ ಇದೆ.

ಕಥೆ ಭೂಮಿ ಹಂಚುವುದಿಲ್ಲ, ಜೀವನಾಂಶ ಕೊಡಿಸುವುದಿಲ್ಲ. ಇಂಥ ಅನ್ಯಾಯವೊಂದಿದೆ, ಅದು ಇಂಥವರಿಗೆ ಆಗುತ್ತಿದೆ, ಅದರ ಆಕಾರ ಇದು ಎಂದು ಕಥೆ ಹೇಳುವುದನ್ನು ಕೇಳದಿದ್ದರೆ ಕಾನೂನು ತಪ್ಪು ಮನೆಯ ಬಾಗಿಲು ತಟ್ಟುತ್ತದೆ. ಚೋಮನ ವಿಷಯದಲ್ಲಿ ಅದನ್ನು ಕಂಡೆವು. ಕಾನೂನು ಸರಿಯಾದ ಮನೆಗೆ ಬಂದಾಗಲೂ ಬಾಗಿಲು ತೆರೆಯುವ ಧೈರ್ಯ ಒಳಗಿರುವವರಿಗೆ ಬೇಕು. ಅದನ್ನು ಹಾಡಿನಲ್ಲಿ ಕಂಡೆವು. ಇಷ್ಟು ಕೆಲಸ ಮಾಡಬಲ್ಲ ಕಥೆಗೆ, ಹಾಡಿಗೆ ನಮ್ಮ ಕಾಲೇಜುಗಳು ಎಷ್ಟು ಜಾಗ ಕೊಟ್ಟಿವೆ?

ಅಧ್ಯಾಪಕ ಮಿತ್ರರಲ್ಲಿ ಕೆಲವು ಕೋರಿಕೆಗಳಿವೆ. ‘ಚೋಮನ ದುಡಿ’ ಪಾಠ ಮಾಡುವ ದಿನಗಳಲ್ಲೇ ‘ಊರುಕೇರಿ’ಯನ್ನೂ ಓದಿಸಿ, ಎರಡನ್ನೂ ಒಟ್ಟಿಗೆ ಚರ್ಚೆಗೆ ಇಡಿ. ಹಾಸ್ಟೆಲಿನ ಹುಡುಗ ಹುಡುಗಿಯರಿಂದ ಅವರ ಮನೆಯ ಕಥೆ ಬರೆಸಿ. ಕಾಗುಣಿತ ತಿದ್ದಿ, ಅವರ ಮಾತಿನ ವರಸೆಗೆ ಕೈ ಹಾಕಬೇಡಿ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಆ ಬರಹಗಳಿಗೆ ಕೊನೆಯ ಪುಟಗಳನ್ನು ಕೊಡಬೇಡಿ. ಬರೆದದ್ದಕ್ಕಾಗಿ ಊರಲ್ಲಿ ಅವರಿಗೆ ತೊಂದರೆಯಾದರೆ ಜೊತೆಗೆ ನಿಲ್ಲಿ.

ದತ್ತಿಯ ಸಮಿತಿಯವರಲ್ಲಿ ಇನ್ನೊಂದು ಕೋರಿಕೆ. ರಕ್ಷಣಾ ಸಾಧನವಿಲ್ಲದೆ ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಗುಂಡಿಯಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಬಸವಲಿಂಗಪ್ಪನವರ ಪ್ರಶ್ನೆಗೆ ನಾವು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಮುಂದಿನ ವರ್ಷ ಈ ವೇದಿಕೆಗೆ ಪೌರಕಾರ್ಮಿಕರ ಕಾಲೊನಿಯಿಂದ ಬಂದ ಒಬ್ಬ ಬರಹಗಾರರನ್ನೋ ಹಾಡುಗಾರರನ್ನೋ ಉಪನ್ಯಾಸಕ್ಕೆ ಕರೆಯಿರಿ. ಕೇಳಲು ನಾನೂ ಬರುತ್ತೇನೆ.